ಮಂಗಟ್ಟೆಯ ಆರು ಗರಿ

ಮಾರ್ಚ್ 16, ಭಾನುವಾರ. ಬೆಳಿಗ್ಗೆ 6

ಗೂಬೆ ತಿಂದಿತು. ಕೋಳಿ ಗುಂಡಿಗೆ, ಮೂರು ತುಂಡು. ನಾಲ್ಕನೆಯದೆಂದು ನನ್ನ ಬೆರಳನ್ನೇ ಹಿಡಿಯಿತು. ಹದ್ದು ಇನ್ನೂ ಎಡಕ್ಕೆ ವಾಲಿಕೊಂಡೇ ಕೂರುತ್ತದೆ. ನಿನ್ನೆ ಹಳಿಯಾಳದಿಂದ ಚಪ್ಪಲಿ ಡಬ್ಬಿಯಲ್ಲಿ ಬಂದ ಮಿಂಚುಳ್ಳಿ ಸತ್ತಿದೆ. ಯಾರೋ ಪುಣ್ಯಾತ್ಮರು ಚಮಚದಲ್ಲಿ ನೀರು ಕುಡಿಸಿ ಕಳಿಸಿದ್ದರು. ಬಾಯಿ ಬಿಡಿಸಿ ನೀರು ಹೊಯ್ದರೆ ಅದು ಶ್ವಾಸಕ್ಕೆ ಹೋಗುತ್ತದೆ. ಹಕ್ಕಿ ಒಣನೆಲದ ಮೇಲೆ ಮುಳುಗಿ ಸಾಯುತ್ತದೆ. ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ... ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತು.

ರಮಜಾನಿನ ಹದಿನೈದನೇ ರೋಜಾ. ಗ್ಯಾರೇಜಿನಲ್ಲಿ ನಾಲ್ಕು ಗಾಡಿ ಬಾಕಿ. ಹಿತ್ತಲಲ್ಲಿ ಗುಂಡಿ ತೋಡಿ ಮಿಂಚುಳ್ಳಿ ಮುಚ್ಚಿ ಬಂದೆ. ಇನ್ನು ಅಂಗಡಿ ಬಾಗಿಲು ತೆಗೆಯಬೇಕು.

ಮಾರ್ಚ್ 19, ಬುಧವಾರ. ಇಫ್ತಾರ್ ಆದ ಮೇಲೆ

ಇವತ್ತು ಏಳು ಫೋನು. ಎರಡು ಗಾಡಿಗೆ, ಐದು ಹಕ್ಕಿಗೆ. ಮುಂಡಗೋಡದಿಂದ ಒಬ್ಬ — "ತಾರಿಕ ಮೇಸ್ತ್ರಿ ಅಲ್ರೀ? ದಾಂಡೇಲ್ಯಾಗ ಹಕ್ಕಿ ರಿಪೇರಿ ಮಾಡ್ತೀರಂತಲ್ಲ. ಒಂದು ಕೊಕ್ಕರಿ ಬಿದ್ದೈತಿ, ಬಂದು ಒಯ್ರಿ." ಬಂದು ಒಯ್ಯಬೇಕಂತೆ. ಎರಡು ತಾಸಿನ ದಾರಿ. ನಾನೇನು ಆಂಬುಲೆನ್ಸ್ ಇಟ್ಟಿದ್ದೇನೆಯೇ? ಅಲ್ಲಿಯ ಅರಣ್ಯ ಇಲಾಖೆಯವರ ನಂಬರ್ ಕೊಟ್ಟೆ. ಆತ ಉಪಕಾರ ಮಾಡಿದವನ ಹಾಗೆ "ಆತು ಬಿಡ್ರಿ" ಎಂದ.

ಹದಿನಾಲ್ಕು ವರ್ಷದ ಹಿಂದೆ ಗ್ಯಾರೇಜಿನ ತಗಡಿನ ಮೇಲೆ ಒಂದು ಹದ್ದು ಬಿತ್ತು. ಮುರಿದ ಮೂಳೆಗೆ ಸೈಕಲ್ ಸ್ಪೋಕ್ ಕಟ್ಟಿದೆ. ತಿಂಗಳಾದ ಮೇಲೆ ಹಾರಿತು. ಅದು ಬಿದ್ದ ದಿನವೇ ಸತ್ತಿದ್ದರೆ ಇವತ್ತು ನಾನು ಬರೀ ಗಾಡಿ ಮೇಸ್ತ್ರಿಯಾಗಿ ಸುಖವಾಗಿರುತ್ತಿದ್ದೆ.

ಹೆಂಡತಿ ಮಹೆಜಬೀನ ನನ್ನೊಡನೆ ಉರ್ದುವಿನಲ್ಲೇ ಮಾತಾಡುವುದು. ಸಿಟ್ಟು ಬಂದರೆ ಮಾತ್ರ ಕನ್ನಡ. ಹಳಿಯಾಳದ ಹೆಣ್ಣು, ಬೈಯಲಿಕ್ಕೆ ಕನ್ನಡವೇ ಸರಿ ಎನ್ನುತ್ತಾಳೆ. ಇವತ್ತು ಕನ್ನಡದಲ್ಲಿ ಶುರು ಮಾಡಿದಳು: "ಈದ್ ಬಂತು. ಇಪ್ಪತ್ತೆರಡು ಜಂಪರ್ ಹೊಲಿಯೂದೈತಿ. ನಿಮ್ಮ ಗೂಬಿಗೆ ಕೋಣಿ, ನನ್ನ ಮಿಷನ್ನಿಗೆ ಕಟ್ಟಿ. ಯಾವ ನ್ಯಾಯರೀ ಇದು?"

ಈದ್ ಆದ ಮೇಲೆ ಹೊಸ ಹಕ್ಕಿ ತೆಗೆದುಕೊಳ್ಳುವುದಿಲ್ಲ, ಹಿಂದಿನ ಕೋಣೆ ನಿನಗೇ ಎಂದೆ. ಬಾಯಿಮಾತಿಗೆ ಹೇಳಿದ್ದಲ್ಲ. ನಿಜಕ್ಕೂ ಸಾಕಾಗಿದೆ.

ಮಾರ್ಚ್ 24, ಸೋಮವಾರ. ಸಂಜೆ 7:30

ಈದ್ ತನಕವೂ ಕಾಯಲಿಲ್ಲ ನನ್ನ ನಸೀಬು.

ಆರು ಗಂಟೆ ದಾಟಿತ್ತು. ಅಂತೋನಿ ಬಂದ. ಗಣೇಶಗುಡಿ ಕಡೆಯ ಅರಣ್ಯ ವಾಚರ್, ಸಿದ್ದಿ ಜನಾಂಗದವನು, ಹತ್ತು ವರ್ಷದಿಂದ ನನಗೆ ಗಿರಾಕಿ ಒದಗಿಸುವವನು. ಬೈಕಿನ ಟ್ಯಾಂಕಿನ ಮೇಲೆ ಅಕ್ಕಿ ಚೀಲ. ಚೀಲದ ಬಾಯಲ್ಲಿ ಗೇಣುದ್ದದ ಹಳದಿ ಕೊಕ್ಕು. ಮಂಗಟ್ಟೆ — ಕಪ್ಪು ಬಿಳಿಯದು, ಟೂರಿಸ್ಟರು ಹಾರ್ನ್‌ಬಿಲ್ ಹಾರ್ನ್‌ಬಿಲ್ ಎಂದು ಹುಡುಕಿಕೊಂಡು ಬರುವ ಹಕ್ಕಿ.

"ಟೂರಿಸ್ಟ್ ಕಾರಿನ ಗ್ಲಾಸಿಗೆ ಬಡದೈತಿ, ಭಾಯಿ. ರಸ್ತೆದಾಗ ಕುಂತಿತ್ತು. ಸಾಹೇಬರಿಗೆ ಫೋನ್ ಮಾಡೇನಿ, ನಿನ್ನ ಕಡೇನ ಇಡಾಕ ಹೇಳ್ಯಾರ."

"ನನ್ನ ಕೇಳೀಯೇನು?"

"ನಿನ್ನೇನು ಕೇಳೂದು? ನೀ ಇಲ್ಲ ಅಂತೀಯೇನು?"

ಬಲ ರೆಕ್ಕೆ ಜೋತುಬಿದ್ದಿದೆ. ಮುಟ್ಟಿ ನೋಡಿದೆ. ಮೂಳೆ ಮುರಿದಿಲ್ಲ, ಉಳುಕಿದೆ. ಕಣ್ಣಿನ ಸುತ್ತ ಕಪ್ಪು ಚರ್ಮ, ಅಂದರೆ ಗಂಡು. ಹೆಣ್ಣಿಗಾದರೆ ಬೆಳ್ಳಗಿರುತ್ತದೆ. ಎರಡು ದಿನ ರೆಕ್ಕೆಯನ್ನು ಮೈಗೆ ಸೇರಿಸಿ ಕಟ್ಟಿಟ್ಟರೆ ಸಾಕು. ಗರಿಗೆ ಅಂಟದ ಕಾಗದದ ಟೇಪು ಹುಡುಕಿದರೆ — ಖಾಲಿ. ಮೆಡಿಕಲ್ ಅಂಗಡಿಗೆ ಹೋಗಿಬರಲು ಇಪ್ಪತ್ತು ನಿಮಿಷ. ಅಜಾನಿಗೂ ಇಪ್ಪತ್ತೇ ನಿಮಿಷ. ಗಂಟಲು ಒಣಗಿತ್ತು, ತಲೆ ಸಿಡಿಯುತ್ತಿತ್ತು. ಗ್ಯಾರೇಜಿನ ಕರಿ ಟೇಪು ಕೈಯಲ್ಲೇ ಇತ್ತು, ವೈರಿಗೆ ಸುತ್ತುವುದು. ಸುತ್ತಿದೆ. ಒಂದು ರಾತ್ರಿಗೆ ತಾನೆ, ನಾಳೆ ಬೆಳಿಗ್ಗೆ ಬದಲಿಸಿದರಾಯಿತು.

ಖರ್ಜೂರ ಬಾಯಿಗಿಟ್ಟ ಮೇಲೆ ಜೀವ ಬಂತು.

ಮಾರ್ಚ್ 25, ಮಂಗಳವಾರ. ಮಧ್ಯಾಹ್ನ 3

ಟೇಪು ಬದಲಿಸಲಿಲ್ಲ. ಬೆಳಿಗ್ಗೆಯಿಂದ ಎರಡು ಎಂಜಿನ್ ಕೆಲಸ. ಸಂಜೆ ಮಾಡುತ್ತೇನೆ.

ಬೆಂಗಳೂರಿನ ಡಾ. ಶೈಲಶ್ರೀ ಅವರಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಲ್ಲಿ ದೊಡ್ಡ ಹಕ್ಕಿ ಆಸ್ಪತ್ರೆ, ದಿನಕ್ಕೆ ಮೂವತ್ತು ನಲವತ್ತು ಹಕ್ಕಿ ಬರುತ್ತವಂತೆ. ಆ ತಾಯಿ ಮುಖ ನೋಡಿದರೆ ನನಗಿಂತ ಸುಸ್ತು. ಆದರೂ ಒಮ್ಮೆಯೂ ಫೋನ್ ಎತ್ತದೆ ಇದ್ದಿಲ್ಲ. "ಹಣ್ಣು ಮಾತ್ರ ಕೊಡಿ, ನೀರು ಬೇಡ. ಎರಡು ದಿನ ರೆಸ್ಟ್ ಸಾಕು" ಎಂದರು. ರೆಕ್ಕೆಯ ಕಡೆ ಫೋನ್ ತಿರುಗಿಸಲಿಲ್ಲ ನಾನು. ಕರಿ ಟೇಪು ಕಂಡರೆ ಬೈಯುತ್ತಾರೆ.

ಆಲದ ಹಣ್ಣು ಕೊಟ್ಟೆ. ಗಬಗಬ ನುಂಗಿತು. ಆಮೇಲೆ ನುಂಗಿದ್ದನ್ನೆಲ್ಲ ಒಂದೊಂದಾಗಿ ಗಂಟಲಿಂದ ಕೊಕ್ಕಿನ ತುದಿಗೆ ತಂದು, ಗೋಡೆಯಲ್ಲಿ ಪೈಪಿಗೆಂದು ಬಿಟ್ಟ ತೂತಿನೊಳಗೆ ತುರುಕತೊಡಗಿತು. ಹುಚ್ಚೋ ಎಂದುಕೊಂಡೆ. ತಲೆಗೆ ಪೆಟ್ಟಾಗಿರಬೇಕು. ಮಹೆಜಬೀನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು.

"ಹುಚ್ಚಲ್ಲರೀ ಅದು. ಅದಕ್ಕ ಹೆಂಡ್ತಿ ಅದಾಳ" ಎಂದಳು.

ಹದಿನಾಲ್ಕು ವರ್ಷದ ಮೇಸ್ತ್ರಿಗೆ ಹೊಳೆಯಲಿಲ್ಲ, ಜಂಪರ್ ಹೊಲಿಯುವವಳಿಗೆ ಹೊಳೆಯಿತು.

ಇದು ಅವುಗಳ ಬಾಣಂತನದ ಕಾಲ. ಹೆಣ್ಣು ಮರದ ಪೊಟರೆಯೊಳಗೆ ಕೂತು ಅದರ ಬಾಯಿಗೆ ಮಣ್ಣು, ಹಿಕ್ಕೆ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಬರುವಷ್ಟೇ ಸೀಳು. ಮೊಟ್ಟೆ, ಮರಿ ಎಲ್ಲ ಒಳಗೇ. ಎರಡು ಮೂರು ತಿಂಗಳು ಗಂಡು ತಂದು ಆ ಸೀಳಿನಲ್ಲಿ ಹಾಕಿದ್ದೇ ಊಟ. ಈ ಗಂಡು ಇಲ್ಲಿ ನನ್ನ ಕೋಣೆಯಲ್ಲಿ ಗೋಡೆಗೆ ಉಣಿಸುತ್ತಿದೆ. ಅಲ್ಲಿ ಅವಳು ನಿನ್ನೆಯಿಂದ ಉಪವಾಸ.

ಅಂತೋನಿಗೆ ಫೋನ್ ಮಾಡಿದೆ. ಕಾರು ಬಡಿದ ಜಾಗದ ಆಸುಪಾಸಿನ ಮರಗಳನ್ನು ನೋಡುತ್ತೇನೆ ಎಂದ.

ಮಾರ್ಚ್ 26, ಬುಧವಾರ. ಬೆಳಿಗ್ಗೆ 9

ಇದನ್ನು ಬರೆಯಲು ಕೈ ಬರುತ್ತಿಲ್ಲ.

ನಿನ್ನೆ ಸಂಜೆಯೂ ಟೇಪು ಬದಲಿಸಲಿಲ್ಲ. ಇಫ್ತಾರ್ ಆದ ಮೇಲೆ ಕಣ್ಣು ಮುಚ್ಚಿದವನು ನಸುಕಿನ ಸೆಹ್ರಿ ಊಟಕ್ಕೇ ಎದ್ದೆ. ಇವತ್ತು ಬೆಳಿಗ್ಗೆ ಬಿಚ್ಚಲು ಕೂತರೆ — ತಗಡಿನ ಕೋಣೆಯ ಸೆಕೆಗೆ ಟೇಪಿನ ಅಂಟು ಕರಗಿ ಗರಿಗಳಿಗೆ ಇಳಿದಿತ್ತು. ಕೊಬ್ಬರಿ ಎಣ್ಣೆ ಹಚ್ಚಿದೆ. ಕಾದೆ. ಮತ್ತೆ ಹಚ್ಚಿದೆ. ಗಂಡು ಗಾಬರಿಬಿದ್ದು ಒದ್ದಾಡಿತು. ಟಕ್ ಎಂದು ಒಂದು. ಆಮೇಲೆ ಇನ್ನೊಂದು. ಬಿಡಿಸಿ ಮುಗಿಸುವಷ್ಟರಲ್ಲಿ ಬಲ ರೆಕ್ಕೆಯ ಆರು ದೊಡ್ಡ ಗರಿಗಳು ನಡುವಿಗೇ ಮುರಿದಿದ್ದವು. ಹಾರಲು ಬೇಕಾದ ಗರಿಗಳೇ.

ಉಳುಕು ವಾಸಿಯಾಗಿದೆ. ರೆಕ್ಕೆ ಚೆನ್ನಾಗಿ ಎತ್ತುತ್ತದೆ. ಗರಿಯೇ ಇಲ್ಲ.

ಕಾಲಿನ ಬಳಿ ಬಿದ್ದ ಗರಿ ತುಂಡುಗಳನ್ನು ನೋಡುತ್ತ ಕೂತೆ. ಯಾರೋ ಚಮಚದಲ್ಲಿ ನೀರು ಕುಡಿಸಿದ್ದಕ್ಕೆ ಊರನ್ನೇ ಬೈದವನು ನಾನು.

ಅದೇ ದಿನ. ಮಧ್ಯಾಹ್ನ 1

ಡಾಕ್ಟರಿಗೆ ಹೇಳಿದೆ. "ಗರಿ ಹೇಗೆ ಮುರೀತು ತಾರಿಕ್?" ಎಂದು ಕೇಳಿದರು. "ಕಾರಿಗೆ ಬಡಿದಾಗಲೇ ಮುರಿದಿತ್ತು ಮೇಡಂ, ನಾನು ಗಮನಿಸಲಿಲ್ಲ" ಎಂದೆ. ಅಂತೋನಿಗೂ ಅದನ್ನೇ ಹೇಳಿದೆ. ರೋಜಾ ಇಟ್ಟುಕೊಂಡು ಎರಡು ಸುಳ್ಳು. ಹಸಿದದ್ದು ಎಲ್ಲ ನೀರಿಗೆ ಹೋಯಿತು.

ಹೊಸ ಗರಿ ತಾನಾಗಿ ಬರಲು ಎಷ್ಟೋ ತಿಂಗಳು ಬೇಕಂತೆ. ಹೆಣ್ಣು ಗೂಡು ಒಡೆದು ಹೊರಗೆ ಬರುವುದಿಲ್ಲವೇ ಎಂದು ಕೇಳಿದೆ. "ಬಂದ್ರೂ ಪ್ರಯೋಜನ ಇಲ್ಲ. ಗೂಡಲ್ಲಿ ಕೂತಾಗ ಅವಳ ರೆಕ್ಕೆ ಗರಿ ಎಲ್ಲಾ ಉದುರಿಹೋಗಿರುತ್ತೆ. ಹಾರೋಕೆ ಆಗಲ್ಲ." ಆಮೇಲೆ ಹೇಳಿದರು: "ಒಂದು ದಾರಿ ಇದೆ. ಮುರಿದ ಗರಿಗೆ ಬೇರೆ ಗರಿ ಕಸಿ ಮಾಡೋದು. ಗರಿ ದಂಟು ಪೊಳ್ಳಾಗಿರುತ್ತೆ, ಬಿದಿರು ಕಡ್ಡಿ ಇಟ್ಟು ಅಂಟಿಸಬಹುದು. ನೋವಾಗಲ್ಲ, ಉಗುರು ಇದ್ದ ಹಾಗೆ. ಆದ್ರೆ ಇದೇ ಜಾತಿ ಹಕ್ಕಿದೇ ಗರಿ ಬೇಕು. ನನ್ನ ಹತ್ರ ಹಾರ್ನ್‌ಬಿಲ್‌ದು ಒಂದೂ ಇಲ್ಲ."

ನಾನು ಎಲ್ಲಿಂದ ತರಲಿ?

ಮಾರ್ಚ್ 27, ಗುರುವಾರ. ಬೆಳಿಗ್ಗೆ 11

ಅಂತೋನಿ ಫೋನ್. ಏದುಸಿರು ಬಿಡುತ್ತಿದ್ದ.

"ಸಿಕ್ತು ಭಾಯಿ, ಮರ ಸಿಕ್ತು! ರಸ್ತೆಯಿಂದ ಅರ್ಧ ಮೈಲು ಒಳಗ. ಸೀಳಿನ್ಯಾಗ ಕೊಕ್ಕಿನ ತುದಿ ಕಾಣತೈತಿ. ಜೀವಂತ ಅದಾಳ. ನಾ ಬಂದ ಸಪ್ಪಳಕ್ಕ ಗಂಡನ ಬಂದ ಅಂತ ಕೊಕ್ಕು ಹೊರಗ ಹಾಕಿದ್ಳು. ನನ್ನ ಮಾರಿ ನೋಡಿ ಒಳಗ ತಗೊಂಡ್ಳು."

"ನಿನ್ನ ಮಾರಿ ನೋಡಿದರ ನನ್ನ ಹೆಂಡ್ತೀನೂ ಒಳಗ ಹೋಗ್ತಾಳ. ಬಿದರಿನ ಗಳಕ್ಕ ಹಣ್ಣು ಸಿಗಸಿ ಕೊಟ್ಟು ನೋಡು."

"ಕೊಟ್ಟೆ. ಒಲ್ಲೆ ಅಂತಾಳ. ಅಲ್ಲೇ ಕಟ್ಟಿ ಬಂದೇನಿ. ಮತ್ತೇನಿಲ್ಲ, ಬುಡಕ್ಕ ಹಿಕ್ಕಿ, ಬೀಜ, ಗರಿ..."

"ಗರಿ?"

"ಹೌದು, ಉದ್ದುದ್ದ ಗರಿ. ಆಕೀವು. ಒಳಗಿಂದ ಹೊರಗ ಒಗದಾಳ."

ಯಾ ಅಲ್ಲಾ. ನಾನು ಕೂತಲ್ಲಿಂದ ಎದ್ದುಬಿಟ್ಟೆ. ಸ್ಟೂಲು ಬಿತ್ತು, ಗಿರಾಕಿ ಹೆದರಿದ. ಒಂದೂ ಬಿಡದೆ ಆರಿಸು, ಸಾಹೇಬರಿಗೆ ಹೇಳಿ ತೆಗೆದುಕೊಂಡು ಬಾ, ಮಡಚಬೇಡ, ಒದ್ದೆ ಮಾಡಬೇಡ ಎಂದು ಕೂಗಿದೆ. "ಕೂಗಬ್ಯಾಡೋ ಮಾರಾಯಾ, ಫೋನ್ ಐತಿ" ಎಂದ.

ಮಾರ್ಚ್ 28, ಶುಕ್ರವಾರ. ಸಂಜೆ 5

ಅಂತೋನಿ ಹನ್ನೊಂದು ಗರಿ ತಂದಿದ್ದ. ಎಡದವು ಬಲಕ್ಕೆ ಆಗುವುದಿಲ್ಲ, ಚಪ್ಪಲಿ ಇದ್ದಂತೆ. ಆರಿಸಿ ಜೋಡಿಸಿದೆ. ಒಂದನ್ನು ಹುಳು ತಿಂದಿತ್ತು. ಕೊನೆಗೆ ಬಲದವು ಐದು ಸಿಕ್ಕವು. ಗಂಡಿನವಕ್ಕಿಂತ ಒಂದು ಬೆರಳು ಗಿಡ್ಡ. ಐದಾದರೂ ಸಾಕು, ಒಂದು ಹಲ್ಲು ಬಿದ್ದ ಬಾಯಿಯ ಹಾಗೆ ಇರಲಿ ಎಂದರು ಡಾಕ್ಟರ್.

ಊದಿನಕಡ್ಡಿಯ ಬಿದಿರನ್ನು ಬ್ಲೇಡಿನಲ್ಲಿ ಹೆರೆದು ಸಣ್ಣಗೆ ಮಾಡಿದೆ. ಎರಡು ಟ್ಯೂಬ್ ಕಲಸುವ ಗಟ್ಟಿ ಅಂಟು ಗ್ಯಾರೇಜಿನಲ್ಲಿ ಇತ್ತು. ಹಕ್ಕಿಯ ತಲೆಗೆ ಕಾಲುಚೀಲ ಹಾಕಿ ಅಂತೋನಿ ಹಿಡಿದ. ಫೋನಿನಲ್ಲಿ ಡಾಕ್ಟರ್. ಮೊದಲ ಕಡ್ಡಿ ದಂಟಿನೊಳಗೆ ಇಡಲು ಹೋದೆ — ಜಾರಿ ನೆಲಕ್ಕೆ ಬಿತ್ತು. ಇಪ್ಪತ್ತೇಳು ದಿನದ ಉಪವಾಸ, ನಿದ್ದೆ ಇಲ್ಲ, ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಎತ್ತಿ ಇಟ್ಟೆ, ಮತ್ತೆ ಬಿತ್ತು.

"ಸರೀರಿ ಆಚೆ" ಎಂದಳು ಮಹೆಜಬೀನ. ಕನ್ನಡದಲ್ಲೇ. ಮಿಷನ್ ಬಿಟ್ಟು ಬಂದಿದ್ದಳು. ಕನ್ನಡಕ ಏರಿಸಿ, ಹೊಲಿಗೆ ಕತ್ತರಿಯಲ್ಲಿ ಮುರಿದ ತುದಿಗಳನ್ನು ಸಮ ಮಾಡಿದಳು. ಸೂಜಿಗೆ ದಾರ ಪೋಣಿಸುವಷ್ಟೇ ನಿರಾಳವಾಗಿ ಕಡ್ಡಿ ಇಟ್ಟಳು, ಅಂಟು ಹಚ್ಚಿದಳು, ಗರಿ ಕೂರಿಸಿದಳು. ಪಕ್ಕದ ಗರಿಗೆ ಅಂಟದಂತೆ ನಡುವೆ ಪೇಪರ್ ಇಟ್ಟಳು. ಅದು ನನಗೂ ಹೊಳೆದಿರಲಿಲ್ಲ. ನಾನು ಅಂಟು ಕಲಸುವ ಕೂಲಿಯಾದೆ.

ನಾಲ್ಕನೆಯ ಗರಿಗೆ ತಲೆ ಎತ್ತದೆ ಕೇಳಿದಳು: "ಕಾರಿಗೆ ಬಡದರ ಗರಿ ಹಿಂಗ ಒಂದ ಸಾಲಿಗೆ ಮುರೀತಾವೇನ್ರಿ?"

ನಾನು ಅಂಟು ಕಲಸುತ್ತಲೇ ಇದ್ದೆ. ಅಂತೋನಿ ಹಕ್ಕಿಯನ್ನೇ ನೋಡುತ್ತಿದ್ದ.

ಅಲ್ವಿದಾ ಜುಮ್ಮಾಕ್ಕೆ, ರಮಜಾನಿನ ಕೊನೆಯ ಶುಕ್ರವಾರದ ನಮಾಜಿಗೆ, ಓಡಿದೆ. ಕೊನೆಯ ಸಾಲಿನಲ್ಲಿ, ಚಪ್ಪಲಿಗಳ ಪಕ್ಕ ಜಾಗ ಸಿಕ್ಕಿತು. ಹೆಣ್ಣಿಗೆ ಇವತ್ತು ಉಪವಾಸದ ನಾಲ್ಕನೆಯ ದಿನ.

ಮಾರ್ಚ್ 29, ಶನಿವಾರ. ಮಧ್ಯಾಹ್ನ 2

ರಮಜಾನಿನಲ್ಲಿ ಮದುವೆ ಇಲ್ಲ, ಶಾದಿಮಹಲ್ ಖಾಲಿ. ಕೀಲಿ ಇಸಿದುಕೊಂಡು ಅಲ್ಲಿ ಹಾರಿಸಿ ನೋಡಿದೆವು. ಮೊದಲ ಸಲ ಸ್ಟೇಜಿನ ಪರದೆಗೆ ಹೋಗಿ ಬಡಿದು ಜೋತುಬಿತ್ತು. ಮದುಮಗನ ಕುರ್ಚಿಯ ಮೇಲೆ ಇಳಿದು, ಹಿಕ್ಕೆ ಹಾಕಿ, ನಮ್ಮನ್ನೇ ನೋಡಿತು. ಎರಡನೆಯ ಸಲ ತಿರುವು ತೆಗೆದುಕೊಂಡಿತು. ಮೂರನೆಯ ಸಲ ಹಾಲಿನ ಆ ತುದಿಯಿಂದ ಈ ತುದಿ. ರೆಕ್ಕೆಯ ಸಪ್ಪಳಕ್ಕೆ ಕಿಟಕಿ ಗಾಜುಗಳು ಅದುರಿದವು. ಒಂದು ಗರಿ ಸ್ವಲ್ಪ ಅಲುಗುತ್ತದೆ. ಮತ್ತೆ ಅಂಟು ಹಚ್ಚಿದೆವು, ಇವತ್ತು ಒಣಗಬೇಕು.

ಅಂತೋನಿ ಮರದ ಹತ್ತಿರ ಹೋಗಿ ಬಂದ. ಗಳಕ್ಕೆ ಕಟ್ಟಿದ ಹಣ್ಣು ಇಲ್ಲ. ಅವಳು ತಿಂದಳೋ ಅಳಿಲು ತಿಂದಿತೋ ಗೊತ್ತಿಲ್ಲ. ಎರಡು ತಾಸು ಕೂತರೂ ಸೀಳಿನಲ್ಲಿ ಕೊಕ್ಕು ಕಾಣಲಿಲ್ಲವಂತೆ.

ಮಾರ್ಚ್ 30, ಭಾನುವಾರ. ಸಂಜೆ 6:50

ಬೆಳಿಗ್ಗೆ ಏಳಕ್ಕೆ ಮರದ ಹತ್ತಿರ ಬುಟ್ಟಿ ತೆರೆದೆ. ಎದ್ದಿತು. ಒಂದು ಸುತ್ತು ಹಾಕಿ, ಮರದ ಕಡೆ ತಿರುಗಿಯೂ ನೋಡದೆ ನದಿ ದಾಟಿ ಹೋಯಿತು. ಹಾರುವಾಗ ಬಲಗಡೆ ಎಡವಿದ ಹಾಗೆ ಕಂಡಿತು.

ಎರಡು ಗಂಟೆಯ ತನಕ ಕೂತೆವು. ಬರಲಿಲ್ಲ. ನಾವಿದ್ದೇವೆಂದೋ, ಗರಿ ಬಿದ್ದಿತೋ, ಎಲ್ಲಾದರೂ ನೆಲಕ್ಕಿಳಿದು ನಾಯಿ ಬಾಯಿಗೆ ಸಿಕ್ಕಿತೋ. ಸೀಳಿನಲ್ಲೂ ಕೊಕ್ಕಿಲ್ಲ. ಇಬ್ಬರನ್ನೂ ಕೊಂದೆನೆಂದು ಕಾಣುತ್ತದೆ. ಒಳಗೆ ಮರಿಗಳಿದ್ದರೆ ಅವನ್ನೂ.

ಚಂದ್ರ ಕಂಡಿದೆ. ನಾಳೆ ಈದ್. ಓಣಿಯೆಲ್ಲ ಮುಬಾರಕ್ ಮುಬಾರಕ್. ನಾನೂ ಎಲ್ಲರಿಗೂ ಮುಬಾರಕ್ ಎಂದೆ.

ಮಾರ್ಚ್ 31, ಸೋಮವಾರ. ಈದ್. ಮಧ್ಯಾಹ್ನ 12:10

ಮರದ ಎದುರಿಗೆ, ಪೊದೆಯ ಮರೆಯಲ್ಲಿ. ಪುಸ್ತಕ ಮೊಣಕಾಲ ಮೇಲೆ. ನಮಾಜ್ ಮುಗಿಸಿ ಹೊಸ ಕುರ್ತಾದಲ್ಲೇ ಬಂದೆ. ಮಹೆಜಬೀನ ಅಂತೋನಿಗೆ ಶೀರ್‌ಖುರ್ಮಾ ಪಾಯಸದ ಡಬ್ಬಿ ಕೊಟ್ಟಿದ್ದಾಳೆ. ಹಬ್ಬದ ದಿನ ಎಲ್ಲಿಗೆ ಎಂದು ಕೇಳಲಿಲ್ಲ.

ಸುಮ್ಮನೆ ಕೂತರೆ ತಲೆ ಕೆಡುತ್ತದೆ, ಬರೆಯುತ್ತೇನೆ. ಸೀಳು ಕಪ್ಪಗಿದೆ. ಏನೂ ಅಲುಗುವುದಿಲ್ಲ. ಇವತ್ತಿಗೆ ಏಳು ದಿನ.

12:25

ಹೇಳಿಬಿಟ್ಟೆ. "ಅಂತೋನಿ, ಆ ಗರಿ ಕಾರಿಗೆ ಬಡದು ಮುರದಿದ್ದಲ್ಲ. ನಾ ಕರಿ ಟೇಪ್ ಸುತ್ತಿದ್ದೆ. ಬಿಚ್ಚುಮುಂದ ಮುರದ್ವು."

ಪಕ್ಕದಲ್ಲಿ ಕೂತ ಅಂತೋನಿ ಡಬ್ಬಿಯಿಂದ ಮುಖ ಎತ್ತಲಿಲ್ಲ. "ಗೊತ್ತೈತಿ."

"ಹೆಂಗ?"

"ನಾ ಚೀಲದಾಗ ತುಂಬುಮುಂದ ರೆಕ್ಕಿ ಬಿಡಿಸಿ ನೋಡಿದ್ದೆ. ಎಲ್ಲಾ ಗರಿ ಸುದ್ದ ಇದ್ದುವು."

"ಮತ್ತ ಆರು ದಿನ ಯಾಕ ಸುಮ್ಮನ ಇದ್ದಿ?"

"ಅಂದಿದ್ರ ಏನಾಗ್ತಿತ್ತು? ನೀ ಅಳಕೋಂತ ಕೂಡ್ತಿದ್ದಿ. ಕೆಲಸ ಯಾರು ಮಾಡ್ತಿದ್ರು?" ಎಂದು ಚಮಚ ನೆಕ್ಕಿದ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಆಯಿತು. ಡಾಕ್ಟರಿಗೂ ಇವತ್ತೇ ಹೇಳುತ್ತೇನೆ.

12:50

ಬಂದ! ಮೊದಲು ರೆಕ್ಕೆಯ ಸಪ್ಪಳ, ಆಮೇಲೆ ಆತ. ಬಲ ರೆಕ್ಕೆಯಲ್ಲಿ ಸಂದು ಕಾಣುತ್ತದೆ — ನನ್ನ ಗಂಡೇ. ಐದೂ ಗರಿ ಇವೆ. ಗಂಟಲು ಉಬ್ಬಿದೆ, ಹಣ್ಣು ತಂದಿದ್ದಾನೆ. ಮೇಲಿನ ಕೊಂಬೆಗೆ ಕೂತ. ಕೂಗಿದ. ಸೀಳಿನಲ್ಲಿ ಏನಿಲ್ಲ.

ತೊಗಟೆಗೆ ಜೋತುಬಿದ್ದ. ಒಂದು ಹಣ್ಣು ಸೀಳಿಗೆ ಇಟ್ಟ. ಕೆಳಗೆ ಬಿತ್ತು. ಒಣ ಎಲೆಯ ಮೇಲೆ ಬಿದ್ದ ಸದ್ದು ನನಗೂ ಕೇಳಿತು.

ಎರಡನೆಯದು. ಅದೂ ಬಿತ್ತು.

ಅಂತೋನಿ ಡಬ್ಬಿ ಕೆಳಗಿಟ್ಟು ಎದೆಗೆ ಶಿಲುಬೆ ಗುರುತು ಮಾಡಿದ. ಗಂಡು ಕೊಕ್ಕಿನಿಂದ ಮರ ಬಡಿಯುತ್ತಿದೆ. ಟಕ್ ಟಕ್. ಸ್ವಲ್ಪ ನಿಲ್ಲಿಸುತ್ತದೆ, ಸೀಳಿಗೆ ಕಣ್ಣಿಟ್ಟು ನೋಡುತ್ತದೆ. ಮತ್ತೆ ಟಕ್ ಟಕ್. ನನ್ನಿಂದ ನೋಡಲಾಗುವುದಿಲ್ಲ. ಯಾ ಅಲ್ಲಾ, ನನ್ನ ಇಪ್ಪತ್ತೊಂಬತ್ತು ರೋಜಾ ಬೇಕಾದರೆ ಲೆಕ್ಕಕ್ಕೆ ಹಿಡಿಯಬೇಡ.

ಮೂರನೆಯದು. ಬಿತ್ತು.

ಎದ್ದು ಹೋಗೋಣ ಎಂದೆ. ಅಂತೋನಿ ನನ್ನ ಕುರ್ತಾ ಹಿಡಿದು ಕೂರಿಸಿದ.

ನಾಲ್ಕನೆಯದು.

ಬೀಳಲಿಲ್ಲ.

ಕೊಕ್ಕು — ಬಿಳಿಚಿದ ತುದಿ, ಬರೀ ತುದಿ, ನಿಧಾನಕ್ಕೆ... ಐದು. ಇದೂ ಬೀಳಲಿಲ್ಲ. ಒಳಗಿನಿಂದ ಏನೋ ಸಣ್ಣ ಧ್ವನಿ, ಅವಳದಲ್ಲ, ಅವಳದು ಇಷ್ಟು ಸಣ್ಣಗಿರುವುದಿಲ್ಲ, ಮರಿ, ಅಂತೋನಿಗೂ ಕೇಳಿತು, ನನ್ನ ತೋಳು ಹಿಡಿದು ಅಲುಗಾಡಿಸುತ್ತಿದ್ದಾನೆ, ಬರೆಯಲು ಬಿಡು ಮಾರಾಯ, ಆರನೆಯದನ್ನು ಅವಳು ಒಳಗೆ...